ಆಗುಂಬೆ ದಾರಿಯ ಹಳ್ಳಿಯಲ್ಲಿ ಮನೆಯಿಂದಲೇ ಕಸ್ಟಮರ್ ಕೇರ್ ಕೆಲಸ: ಮಳೆ ಹಿಡಿಯುವ ಮೊದಲು ಏನೇನು ಸರಿ ಮಾಡಿಕೊಳ್ಳಬೇಕು?

ಕೆಂಪುಹಂಚು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ದಾರಿಯ ಹಳ್ಳಿ. ಜೂನ್ ಮೊದಲ ವಾರದಿಂದ ಮನೆಯಿಂದಲೇ ಕಸ್ಟಮರ್ ಕೇರ್ ಕೆಲಸ ಶುರು. ಕನ್ನಡ ಪ್ರೋಸೆಸ್ (ಕನ್ನಡ ಗ್ರಾಹಕರ ವಿಭಾಗ), ಇನ್‌ಬೌಂಡ್ ಕರೆ (ಗ್ರಾಹಕರೇ ಮಾಡುವುದು) ಮಾತ್ರ, ಬೆಳಗ್ಗೆ 9ರಿಂದ ಸಂಜೆ 6. ಲ್ಯಾಪ್‌ಟಾಪ್ ಕಂಪನಿಯದ್ದು. ಇಂಟರ್ನೆಟ್, ಹೆಡ್‌ಸೆಟ್, ಕರೆಂಟ್ ಬ್ಯಾಕಪ್ ನಮ್ಮ ಜವಾಬ್ದಾರಿ. ಅವರ ಷರತ್ತು: ಕನಿಷ್ಠ 20 ಎಂಬಿಪಿಎಸ್, ವೈಫೈ ಬೇಡ ಕೇಬಲ್‌ನಲ್ಲೇ ಸಂಪರ್ಕ, ನಾಲ್ಕು ಗಂಟೆ ಪವರ್ ಬ್ಯಾಕಪ್, ಗಲಾಟೆ ಇಲ್ಲದ ಕೋಣೆ.

ಮನೆಯಲ್ಲಿ ಇರುವುದು: ಫೈಬರ್ ಇಂಟರ್ನೆಟ್, ಸ್ಪೀಡ್ ಟೆಸ್ಟಲ್ಲಿ 38–40 ತೋರಿಸುತ್ತದೆ. 900 ವಿಎ ಇನ್ವರ್ಟರ್, 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ, ಎರಡು ವರ್ಷ ಹಳತು. ಹಂಚಿನ ಮನೆ, ಹಿಂದುಗಡೆ ತಗಡಿನ ಮಾಡು. ಮೊಬೈಲ್ ಸಿಗ್ನಲ್ ಅಂಗಳದಲ್ಲಿ ಎರಡು ಕಡ್ಡಿ, ಒಳಗೆ ಬಂದರೆ ಇಲ್ಲ.

ಇಷ್ಟು ಸಾಕಾ? ಜುಲೈ ಮಳೆಯಲ್ಲಿ ಮೊದಲು ಕೈಕೊಡುವುದು ಎಂತದು? ತಿಳಿದವರು ದಯವಿಟ್ಟು ಅಂಕಿ ಸಮೇತ ಹೇಳಿ. ಜೂನ್ ಬಂದ ಮೇಲೆ ಸಾಮಾನು ತರುವುದೂ ಕಷ್ಟ, ಕೆಲಸಕ್ಕೆ ಜನ ಸಿಗುವುದೂ ಕಷ್ಟ.

ತುಂಗಾತೀರ

ಮೊದಲು ಆ 40 ಎಂಬಿಪಿಎಸ್ ಬದಿಗಿಡಿ. ಕರೆಗೆ ಬೇಕಾದದ್ದು ವೇಗ ಅಲ್ಲ, ಹದ. ಜಿ.711 ಕೋಡೆಕ್‌ನಲ್ಲಿ (ದನಿಯನ್ನು ಡೇಟಾ ಮಾಡುವ ಒಂದು ವಿಧಾನ) ಒಂದು ಕರೆಗೆ ಹೋಗುವುದಕ್ಕೆ ಸುಮಾರು 90 ಕೆಬಿಪಿಎಸ್, ಬರುವುದಕ್ಕೆ ಅಷ್ಟೇ. ನಿಮ್ಮ ಲೈನಿನ ನಾನೂರರಲ್ಲಿ ಒಂದು ಪಾಲೂ ಬೇಡ. ಕಂಪನಿಯವರು 20 ಕೇಳುವುದು ಸಿಆರ್‌ಎಂ (ಗ್ರಾಹಕರ ವಿವರ ಬರೆದಿಡುವ ಸಾಫ್ಟ್‌ವೇರ್), ರಿಮೋಟ್ ಡೆಸ್ಕ್‌ಟಾಪ್, ಟ್ರೈನಿಂಗ್ ವಿಡಿಯೋ ಎಲ್ಲ ಸೇರಿಸಿ.

ಮಾತು ಕೆಡುವುದು ಎರಡು ಕಾರಣಕ್ಕೆ. ಪ್ಯಾಕೆಟ್ (ಮಾತಿನ ಡೇಟಾದ ಸಣ್ಣ ತುಂಡು) ದಾರಿಯಲ್ಲೇ ಕಳೆದುಹೋದರೆ ಅಕ್ಷರ ನುಂಗಿದ ಹಾಗೆ ಕೇಳುತ್ತದೆ. ಒಂದು ಬೇಗ, ಇನ್ನೊಂದು ತಡವಾಗಿ ಬಂದರೆ ಅದು ಜಿಟರ್, ಆಗ ದನಿ ಗರಗರ ಅನ್ನುತ್ತದೆ. ನಷ್ಟ ಶೇ. 1ರ ಒಳಗೆ, ಜಿಟರ್ 30 ಮಿಲಿಸೆಕೆಂಡ್ ಒಳಗೆ, ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಒಳಗೆ ಇರಬೇಕು. ಸ್ಪೀಡ್ ಟೆಸ್ಟಲ್ಲಿ 40 ಬಂದರೂ ನಷ್ಟ ಶೇ. 3 ಇದ್ದರೆ ಗ್ರಾಹಕರು "ಹಲೋ, ಹಲೋ, ಕೇಳ್ತಾ ಇಲ್ಲ" ಅಂತಲೇ ಇರುತ್ತಾರೆ.

ಅಳೆಯುವುದು ಹೀಗೆ. ಲ್ಯಾಪ್‌ಟಾಪನ್ನು ರೂಟರಿಗೆ ಕೇಬಲ್‌ನಲ್ಲಿ ಜೋಡಿಸಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ (ping) ಅಂತ ಬರೆದು, ಜಾಗ ಬಿಟ್ಟು ಮೈನಸ್ ಎನ್ (-n), ಜಾಗ ಬಿಟ್ಟು 300, ಜಾಗ ಬಿಟ್ಟು ರೂಟರಿನ ವಿಳಾಸ ಹಾಕಿ. ವಿಳಾಸ ಸಾಮಾನ್ಯವಾಗಿ 192.168.1.1, ರೂಟರಿನ ತಳದ ಚೀಟಿಯಲ್ಲಿ ಇರುತ್ತದೆ. ಐದು ನಿಮಿಷ ಓಡುತ್ತದೆ. ಆಮೇಲೆ ಅದನ್ನೇ 8.8.8.8ಕ್ಕೆ (ಹೊರಗಿನ ಗೂಗಲ್ ಸರ್ವರಿನ ವಿಳಾಸ) ಮಾಡಿ. ರೂಟರಿಗೇ ನಷ್ಟ ಕಂಡರೆ ದೋಷ ಮನೆಯೊಳಗೆ: ಕೇಬಲ್, ಪಿನ್ನು ಅಥವಾ ಪೋರ್ಟು. ರೂಟರ್ ಸರಿಯಿದ್ದು 8.8.8.8ಕ್ಕೆ ನಷ್ಟ ಇದ್ದರೆ ದೋಷ ರೂಟರಿನಿಂದ ಆಚೆ, ಫೈಬರ್ ಲೈನಿನಲ್ಲಿ ಅಥವಾ ಅದಕ್ಕೂ ಹಿಂದೆ. ಬೆಳಗ್ಗೆ 10ಕ್ಕೆ ಒಮ್ಮೆ, ರಾತ್ರಿ 8ಕ್ಕೆ ಒಮ್ಮೆ ಮಾಡಿ. ಸಂಜೆ ಎಲ್ಲರೂ ಮೊಬೈಲ್ ಹಿಡಿದು ಕೂತಾಗಿನ ಅಂಕಿ ಬೇರೆ ಇರುತ್ತದೆ.

ಇನ್ನೊಂದು, ಫೈಬರ್ ಪೆಟ್ಟಿಗೆಯ (ಓಎನ್‌ಟಿ) ಒಳಪುಟಕ್ಕೆ ಲಾಗಿನ್ ಆಗಿ ಆಪ್ಟಿಕಲ್ ಪವರ್ ನೋಡಿ. ಆರ್‌ಎಕ್ಸ್ ಪವರ್ ಅಂತ ಮೈನಸ್ ಅಂಕಿ ಇರುತ್ತದೆ. ಮೈನಸ್ 15ರಿಂದ ಮೈನಸ್ 23ರ ನಡುವೆ ಇದ್ದರೆ ನಿಶ್ಚಿಂತೆ. ಮೈನಸ್ 25 ದಾಟಿದರೆ ಮಳೆಗಾಲಕ್ಕೆ ಮೊದಲು ಸರಿ ಮಾಡಿಸಲೇಬೇಕು. ಮೈನಸ್ 27ರ ಆಸುಪಾಸಿನಲ್ಲಿ ಪೆಟ್ಟಿಗೆಗೆ ಬೆಳಕು ಓದಲಾಗದೆ ಲೈನ್ ಬಿಟ್ಟುಬಿಟ್ಟು ಬರುತ್ತದೆ. ಆ ಅಂಕಿ 3 ಡಿಬಿ (ಬೆಳಕಿನ ಏರಿಳಿತದ ಅಳತೆ) ಇಳಿಯಿತು ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ, ಸಣ್ಣ ವ್ಯತ್ಯಾಸ ಅಂತ ಬಿಡಬೇಡಿ.

ಅಂಕಿ ಹಾಕಿ, ಮುಂದಿನದು ಅದನ್ನು ನೋಡಿ ಹೇಳುತ್ತೇನೆ.

ಹಿನ್ನೀರಿನಾಚೆ

ನೆಟ್ ಬಗ್ಗೆ ತುಂಗಾತೀರ ಹೇಳಿದ್ದು ಸರಿ. ಕರೆಂಟಿನ ಬಗ್ಗೆ ನನ್ನ ಮಾತು. 150 ಎಎಚ್ ಬ್ಯಾಟರಿ ಇದೆ, ನಾಲ್ಕು ಗಂಟೆ ಆರಾಮ ಅಂತ ಕಂಪನಿಯವರೂ ಅಂದುಕೊಳ್ಳುತ್ತಾರೆ, ನೀವೂ ಅಂದುಕೊಳ್ಳುತ್ತೀರಿ. ಮಲೆನಾಡಿನ ತೊಂದರೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅನ್ನುವುದಲ್ಲ ಮಾರಾಯ್ರೆ, ಅದು ಮತ್ತೆ ತುಂಬಿಕೊಳ್ಳುವುದಕ್ಕೆ ಕರೆಂಟು ಎಷ್ಟು ಹೊತ್ತು ಇರುತ್ತದೆ ಅನ್ನುವುದು.

ಲೆಕ್ಕ ನೋಡಿ. ಲ್ಯಾಪ್‌ಟಾಪ್ 40 ವ್ಯಾಟ್, ಫೈಬರ್ ಪೆಟ್ಟಿಗೆ 10, ಎಲ್‌ಇಡಿ ಬಲ್ಬು 9. ಸುಮಾರು 60. ಒಂಬತ್ತು ಗಂಟೆಗೆ 540 ವ್ಯಾಟ್ ಅವರ್. ಎರಡು ವರ್ಷದ ಬ್ಯಾಟರಿ, ಇನ್ವರ್ಟರಿನ ಸೋರಿಕೆ ಎಲ್ಲ ಕಳೆದು 800 ವ್ಯಾಟ್ ಅವರ್ ಕೈಗೆ ಸಿಗುತ್ತದೆ ಅಂತ ಹಿಡಿಯಿರಿ. ಒಂದು ದಿನದ ಶಿಫ್ಟು ಮುಗಿಯುತ್ತದೆ. ಆದರೆ ಸಂಜೆ ಮನೆಯವರು ಟಿವಿ, ದೀಪ, ಫ್ಯಾನು ಅಂತ 400 ತೆಗೆದರೆ ಒಟ್ಟು 940 ಆಯಿತು. ಮರ ಬಿದ್ದು ಲೈನು ಹೋಗಿ, ರಾತ್ರಿ ನಾಲ್ಕು ಗಂಟೆ ಮಾತ್ರ ಕರೆಂಟು ಬಂತು ಅನ್ನಿ. ಚಾರ್ಜಿಂಗ್ 12 ಆಂಪಿಯರ್ ಲೆಕ್ಕದಲ್ಲಿ 48 ಎಎಚ್ ಒಳಗೆ ಹೋಗುತ್ತದೆ, ಕೈಗೆ ಬರುವುದು ಅಬ್ಬಬ್ಬಾ ಅಂದರೆ 400 ವ್ಯಾಟ್ ಅವರ್. ಎರಡನೇ ದಿನ ಮಧ್ಯಾಹ್ನ ಊಟದ ಹೊತ್ತಿಗೇ ಇನ್ವರ್ಟರ್ ಕೀಂಯ್ ಅನ್ನುತ್ತದೆ.

ಇದಕ್ಕೆ ಇನ್ನೊಂದು ದೊಡ್ಡ ಬ್ಯಾಟರಿ ತರುವುದು ಪರಿಹಾರ ಅಲ್ಲ. ತುಂಬುವುದಕ್ಕೇ ಕರೆಂಟು ಇಲ್ಲದಿದ್ದರೆ ಅದೂ ಖಾಲಿಯೇ. ಮಾಡಬೇಕಾದ್ದು ಇಷ್ಟು:

ಕೆಲಸದ ಕೋಣೆಯ ಪಾಯಿಂಟ್ ಮಾತ್ರ ಇನ್ವರ್ಟರ್ ಲೈನಿಗೆ ಬಿಟ್ಟು, ಟಿವಿ, ಮಿಕ್ಸಿ ಪಾಯಿಂಟ್ ತೆಗೆಸಿ. ಮನೆಯ ದೀಪಕ್ಕೆ ಬ್ಯಾಟರಿ ಒಳಗೇ ಇರುವ ಎಲ್‌ಇಡಿ ಬಲ್ಬು ನಾಲ್ಕು ಹಾಕಿ. ಇದೊಂದರಿಂದಲೇ ದಿನದ ಖರ್ಚು ಹತ್ತಿರ ಹತ್ತಿರ ಅರ್ಧ ಇಳಿಯುತ್ತದೆ.

ಫೈಬರ್ ಪೆಟ್ಟಿಗೆಗೆ 12 ವೋಲ್ಟ್‌ನ ಪುಟ್ಟ ರೂಟರ್ ಯುಪಿಎಸ್ ಬೇರೆಯೇ ಇಡಿ. ತೆಗೆದುಕೊಳ್ಳುವ ಮೊದಲು ನಿಮ್ಮ ಅಡಾಪ್ಟರಿನ ಮೇಲಿನ ಬರಹ ಓದಿ. 12 ವೋಲ್ಟ್ 1 ಆಂಪಿಯರ್ ಇದೆಯೋ, 1.5 ಇದೆಯೋ, ಯುಪಿಎಸ್ ಅದಕ್ಕಿಂತ ಕಡಿಮೆ ಕೊಡುವುದಾಗಿದ್ದರೆ ಪೆಟ್ಟಿಗೆ ರೀಸ್ಟಾರ್ಟ್ ಆಗುತ್ತಲೇ ಇರುತ್ತದೆ. ಕೆಲವು ಪೆಟ್ಟಿಗೆ 9 ವೋಲ್ಟಿನವೂ ಇವೆ. 8,800 ಎಂಎಎಚ್ ಅಂತ ಬರೆದ ಯುಪಿಎಸ್ 10 ವ್ಯಾಟಿಗೆ ಎರಡೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಆ ಎಂಎಎಚ್ ಲೆಕ್ಕ ಒಳಗಿನ 3.7 ವೋಲ್ಟ್ ಸೆಲ್ಲಿನದು, 12 ವೋಲ್ಟಿನದಲ್ಲ.

ಇನ್ವರ್ಟರಿನ ಹಿಂದೆ ಯುಪಿಎಸ್–ಇಕೋ ಅಂತ ಸ್ವಿಚ್ಚು ಇದೆಯಾ ನೋಡಿ. ಯುಪಿಎಸ್ ಸ್ಥಾನದಲ್ಲಿ ಅದು ಸುಮಾರು 180 ವೋಲ್ಟಿಗಿಂತ ಕಡಿಮೆ ಬಂದರೆ ಕರೆಂಟು ಇಲ್ಲ ಅಂತಲೇ ತಿಳಿದು ಬ್ಯಾಟರಿಯಿಂದ ಓಡಿಸುತ್ತದೆ. ನಮ್ಮ ಕಡೆ ಲೈನಿನ ಕೊನೆಯ ಮನೆಗಳಿಗೆ ಸಂಜೆ 160 ಬರುವುದು ಹೊಸತಲ್ಲ. ಅಡುಗೆಮನೆಯ ಬಲ್ಬು ಮಂಕಾಗಿ ಉರಿಯುತ್ತಿರುತ್ತದೆ, ಇತ್ತ ಬ್ಯಾಟರಿ ಇಳಿಯುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಇಕೋಗೆ ಹಾಕಿದರೆ 110–120 ವೋಲ್ಟಿನವರೆಗೂ ಲೈನನ್ನು ತೆಗೆದುಕೊಳ್ಳುತ್ತದೆ, ಚಾರ್ಜೂ ಆಗುತ್ತದೆ. ಬದಲಾಗುವ ಹೊತ್ತು ಸ್ವಲ್ಪ ಹೆಚ್ಚು, ಡೆಸ್ಕ್‌ಟಾಪ್ ಆದರೆ ಆಫ್ ಆಗಬಹುದು. ನಿಮ್ಮದು ಲ್ಯಾಪ್‌ಟಾಪ್, ಅದಕ್ಕೆ ಒಳಗೇ ಬ್ಯಾಟರಿ ಇದೆ. ಫೈಬರ್ ಪೆಟ್ಟಿಗೆಗೆ ಪುಟ್ಟ ಯುಪಿಎಸ್ ಇದ್ದರೆ ಅದಕ್ಕೂ ತೊಂದರೆ ಇಲ್ಲ.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಮಳೆನೀರು ಶುದ್ಧ ಅಂತ ಹಂಚಿನ ಮೇಲಿಂದ ಬಿದ್ದದ್ದನ್ನು ಹಿಡಿದು ಹಾಕುವವರಿದ್ದಾರೆ, ಪಾಚಿ ಧೂಳೆಲ್ಲ ಸೇರಿ ಪ್ಲೇಟು ಹಾಳಾಗುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಹೈಡ್ರೋಮೀಟರ್ ಸಿಗುತ್ತದೆ, ಫುಲ್ ಚಾರ್ಜಿನಲ್ಲಿ ಆರೂ ಸೆಲ್ ಅಳೆಯಿರಿ. 1.240ರ ಹತ್ತಿರ ಇರಬೇಕು. ಐದು ಸೆಲ್ ಸರಿಯಿದ್ದು ಒಂದು ಮಾತ್ರ 1.200 ತೋರಿಸಿದರೆ ಆ ಬ್ಯಾಟರಿಯ ಮೇಲೆ ಈ ಮಳೆಗಾಲ ಭರವಸೆ ಇಡಬೇಡಿ. ಟರ್ಮಿನಲ್ಲಿನ ಹಸಿರು ತೊಳೆದು ವ್ಯಾಸಲೀನ್ ಹಚ್ಚಿ.

ಸೋಲಾರ್ ಪ್ಯಾನೆಲ್ ಕೇಳುವವರಿಗೆ: ಜನವರಿಗೆ ಒಳ್ಳೆಯದು. ಆಗುಂಬೆ ಸೀಮೆಯ ಜುಲೈ ಮೋಡದಲ್ಲಿ ಅದನ್ನು ನೆಚ್ಚಿಕೊಂಡು ಶಿಫ್ಟು ಮಾಡಲಾಗದು.

ಕೆಂಪುಹಂಚು

ಇಬ್ಬರಿಗೂ ಧನ್ಯವಾದ. ಅಳೆದ ಅಂಕಿಗಳು:

ರೂಟರಿಗೆ 300 ಪಿಂಗ್: ನಷ್ಟ 0, ಕಡಿಮೆ 1, ಹೆಚ್ಚು 3 ಮಿಲಿಸೆಕೆಂಡ್.
8.8.8.8ಕ್ಕೆ ಬೆಳಗ್ಗೆ: 300ರಲ್ಲಿ 7 ಕಳೆದಿದೆ, ಕಡಿಮೆ 19, ಹೆಚ್ಚು 66.
ರಾತ್ರಿ 8ಕ್ಕೆ: 300ರಲ್ಲಿ 8, ಕಡಿಮೆ 19, ಹೆಚ್ಚು 412.
ಆರ್‌ಎಕ್ಸ್ ಪವರ್ ಮೈನಸ್ 26.1.
ಸಂಜೆ ವೋಲ್ಟೇಜ್ 165. ಸ್ವಿಚ್ಚು ಯುಪಿಎಸ್‌ನಲ್ಲೇ ಇತ್ತು, ಇಕೋಗೆ ಹಾಕಿದೆ.

ಬ್ಯಾಟರಿಯ ಒಂದು ಸೆಲ್ 1.225, ಉಳಿದವು 1.235–1.240.

ತುಂಗಾತೀರ

ಬ್ಯಾಟರಿ ಪರವಾಗಿಲ್ಲ, ಆ ಸೆಲ್ಲಿನ ಮೇಲೆ ಕಣ್ಣಿಡಿ. ಫೈಬರ್ ಮಾತ್ರ ಈಗಲೇ ಸರಿ ಮಾಡಿಸಬೇಕು. ಮೈನಸ್ 26.1 ಅಂಚಿನಲ್ಲಿದೆ, ಮೇ ಬಿಸಿಲಲ್ಲೇ ಶೇ. 2ರ ಮೇಲೆ ನಷ್ಟ ಇದೆ. ಗಾಳಿಮಳೆಗೆ ಇನ್ನೊಂದು ಡಿಬಿ ಇಳಿದರೆ ಎಲ್‌ಓಎಸ್ (ಬೆಳಕು ಬರುತ್ತಿಲ್ಲ ಅನ್ನುವ) ಕೆಂಪು ದೀಪ ಹತ್ತಿ ಕೂರುತ್ತದೆ.

ಫೈಬರ್ ಗಾಜಿನ ಎಳೆ, ಮಳೆನೀರಿಗೆ ಅದು ಬಗ್ಗುವುದಿಲ್ಲ. ಕೆಡುವುದು ಜಾಯಿಂಟು ಮತ್ತು ತಿರುವು. ಮೊದಲು ಮನೆಯೊಳಗೆ ನೋಡಿ: ಪೆಟ್ಟಿಗೆಗೆ ಬರುವ ಹಸಿರು ತುದಿಯ ಪ್ಯಾಚ್ ಕಾರ್ಡ್ ಮೊಳೆಗೆ ಸುತ್ತಿದೆಯೇ, ಕಿಟಕಿ ಚೌಕಟ್ಟಿಗೆ ಸಿಕ್ಕಿ ಮಡಿಸಿದೆಯೇ. ಸುರುಳಿ ಸುತ್ತುವುದಾದರೆ ಊಟದ ತಟ್ಟೆಯಷ್ಟು ಅಗಲ ಇರಲಿ, ಬಳೆಯಷ್ಟು ಸಣ್ಣದಾದರೆ ಬೆಳಕು ಸೋರುತ್ತದೆ. ಹಸಿರು ತುದಿಯನ್ನು ಬೆರಳಲ್ಲಿ ಮುಟ್ಟಬೇಡಿ, ಬಾಯಿಂದ ಊದಬೇಡಿ. ಎಳೆಯ ತುದಿಯನ್ನು ಕಣ್ಣಿನ ಎದುರು ಹಿಡಿದು ನೋಡಲೇಬೇಡಿ, ಅದರ ಬೆಳಕು ಕಾಣುವುದಿಲ್ಲ, ಕಣ್ಣಿಗೆ ಹಾನಿ ಮಾತ್ರ ನಿಜ.

ಆಮೇಲೆ ಹೊರಗೆ. ಕಂಬದಿಂದ ಮನೆಗೆ ಬರುವ ಕೇಬಲ್ ಅಡಕೆ ತೋಟದೊಳಗೆ ಹಾದುಬಂದಿದ್ದರೆ ಅದೇ ದೊಡ್ಡ ಶತ್ರು. ಒಣಗಿದ ಸೋಗೆ ಹಾಳೆ ಸಮೇತ ಬಿದ್ದರೆ ಕೇಬಲ್ ಜಗ್ಗಿ ಜಾಯಿಂಟಿನಲ್ಲಿ ಎಳೆಯುತ್ತದೆ, ಕಡಿಯದೆ ಹೋದರೂ ಬೆಳಕು ಇಳಿಯುತ್ತದೆ. ಮಂಗಗಳು ಜೋತಾಡುವುದೂ ಹಾಗೇ. ಲೈನಿನವರನ್ನು ಕರೆಸಿದಾಗ "ನೆಟ್ ಸ್ಲೋ ಇದೆ" ಅನ್ನಬೇಡಿ, "ಆರ್‌ಎಕ್ಸ್ ಮೈನಸ್ 26 ಇದೆ, ಪವರ್ ಮೀಟರ್ ಮತ್ತು ಸ್ಪ್ಲೈಸಿಂಗ್ ಮಶಿನ್ ತನ್ನಿ" ಅನ್ನಿ. ಸ್ಪ್ಲೈಸ್ ಅಂದರೆ ಎರಡು ಎಳೆಯನ್ನು ಬೆಸೆದು ಮಾಡುವ ಜಾಯಿಂಟು. ಕಂಬದ ಪೆಟ್ಟಿಗೆಯಲ್ಲಿ ಅಳೆಯಲಿ, ಮನೆಯೊಳಗೆ ಅಳೆಯಲಿ. ಕಂಬದಲ್ಲಿ ಮೈನಸ್ 20 ಇದ್ದು ಮನೆಯಲ್ಲಿ 26 ಇದ್ದರೆ ನಡುವಿನ ತುಂಡು ಬದಲಿಸಬೇಕು. ಕಂಬದಲ್ಲೇ 25 ಇದ್ದರೆ ದೋಷ ಹಿಂದಿದೆ, ನಿಮ್ಮ ಮನೆಯ ವೈರ್ ಬದಲಿಸಿ ದುಡ್ಡು ಕಳೆಯಬೇಡಿ. ಸ್ಪ್ಲೈಸ್ ಸರಿಯಾಗಿ ಆದರೆ ಒಂದು ಜಾಯಿಂಟಿಗೆ 0.1 ಡಿಬಿಯೂ ನಷ್ಟ ಆಗುವುದಿಲ್ಲ. ಟೇಪು ಸುತ್ತಿದ ಜಾಯಿಂಟನ್ನು ಒಪ್ಪಿಕೊಳ್ಳಬೇಡಿ, ಮುಚ್ಚಳದ ಪೆಟ್ಟಿಗೆಯಲ್ಲೇ ಇಡಿಸಿ. ಕೇಬಲ್ ಗೋಡೆ ಹೊಗುವ ಮೊದಲು ಒಂದು ಗೇಣು ಕೆಳಗೆ ಇಳಿದು ಮೇಲೇರುವ ಹಾಗೆ ಬಿಡಿಸಿ, ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ರಾತ್ರಿಯ 412 ಬೇರೆ ರೋಗ. ಅದು ಮನೆಯ ಯಾರದ್ದೋ ಫೋನು ಫೋಟೋ ವಿಡಿಯೋ ಬ್ಯಾಕಪ್ ಮಾಡುವಾಗ ಅಪ್‌ಲೋಡ್ ತುಂಬಿ ಹೋಗುವುದು ಇರಬೇಕು. ಪರೀಕ್ಷೆ ಸುಲಭ: ಪಿಂಗ್ ಓಡುತ್ತಿರುವಾಗಲೇ ಫೋನಿನಿಂದ ಒಂದು ದೊಡ್ಡ ವಿಡಿಯೋ ಕಳಿಸಿ. 20 ಇದ್ದದ್ದು 400ಕ್ಕೆ ಹಾರಿದರೆ ಖಾತ್ರಿ. ರೂಟರಿನಲ್ಲಿ ಕ್ಯೂಓಎಸ್ (ಯಾವ ಉಪಕರಣಕ್ಕೆ ನೆಟ್ ಮೊದಲು ಅಂತ ಹೇಳುವ ಸೆಟ್ಟಿಂಗ್) ಇದ್ದರೆ ಲ್ಯಾಪ್‌ಟಾಪಿಗೆ ಮೊದಲ ಆದ್ಯತೆ ಕೊಡಿ. ಇಲ್ಲದಿದ್ದರೆ ಶಿಫ್ಟಿನ ಹೊತ್ತು ಎಲ್ಲರ ಫೋನಿನ ಬ್ಯಾಕಪ್ ನಿಲ್ಲಿಸಿಡಿ.

ಇನ್ನು ಎರಡನೇ ಲೈನು. ಇಡೀ ಊರಿಗೆ ಕರೆಂಟು ಹೋಗಿ ಹೊತ್ತಾದರೆ ನಿಮ್ಮ ಮನೆಯಲ್ಲಿ ಬ್ಯಾಟರಿ ಇದ್ದೂ ಉಪಯೋಗ ಇಲ್ಲ, ಫೈಬರ್ ಹೊರಡುವ ಕಡೆಯ ಉಪಕರಣವೇ ಆರಿರುತ್ತದೆ. ಹಾಗಾಗಿ ಬ್ಯಾಕಪ್ ಸಿಮ್ ಬೇರೆ ಕಂಪನಿಯದ್ದೇ ಇರಲಿ. ಫೈಬರ್ ಮತ್ತು ಸಿಮ್ ಒಂದೇ ಕಂಪನಿಯದಾದರೆ ಎರಡೂ ಒಂದೇ ಮೂಲದಿಂದ ಬಂದು ಒಟ್ಟಿಗೆ ಮಲಗುವ ಸಂಭವ ಹೆಚ್ಚು. ಗುಡ್ಡ ಕಾಡು ದಾಟಿ ಬರುವುದು ಕಡಿಮೆ ಆವರ್ತನದ ಅಲೆ: 4ಜಿಯಲ್ಲಿ ಬಿಎಸ್‌ಎನ್‌ಎಲ್‌ನ 700, ಜಿಯೋದ 850, ಏರ್‌ಟೆಲ್‌ನ 900 ಮೆಗಾಹರ್ಟ್ಸ್. ಅಂಗಳದ ಆ ಎರಡು ಕಡ್ಡಿ ಇಂಥದೇ ಇರಬಹುದು. ಕಡ್ಡಿ ಎಣಿಸಬೇಡಿ, ಫೋನಿನ ಸಿಗ್ನಲ್ ಸ್ಟ್ರೆಂತ್ ಪುಟದಲ್ಲಿ ಆರ್‌ಎಸ್‌ಆರ್‌ಪಿ (ಸಿಗ್ನಲ್ಲಿನ ಬಲದ ಅಂಕಿ) ನೋಡಿ. ಮೈನಸ್ 100ರೊಳಗೆ ಇದ್ದರೆ ಕರೆ ನಡೆಯುತ್ತದೆ, ಮೈನಸ್ 115 ಆದರೆ ಕಷ್ಟ. ಹೊರ ಆಂಟೆನಾ ಸಿಕ್ಕಿಸುವ ತೂತು ಇರುವ 4ಜಿ ರೂಟರ್ ತಂದು, ಆಂಟೆನಾವನ್ನು ಮಾಡಿನ ಮೇಲೆ ಟವರ್ ದಿಕ್ಕಿಗೆ ಕಟ್ಟಿ. ಆಂಟೆನಾ ವೈರು ಐದು ಮೀಟರಿಗಿಂತ ಉದ್ದ ಆದರೆ ಗಳಿಸಿದ್ದನ್ನು ವೈರೇ ತಿನ್ನುತ್ತದೆ, ರೂಟರನ್ನೇ ಅಟ್ಟದಲ್ಲಿಟ್ಟು ಲ್ಯಾನ್ ಕೇಬಲ್ ಕೆಳಗೆ ಇಳಿಸುವುದು ಲೇಸು. ಆನ್‌ಲೈನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ತರಬೇಡಿ. ಪರವಾನಗಿ ಇಲ್ಲದೆ ಅದನ್ನು ಹಾಕುವುದು ಅಪರಾಧ, ಅಕ್ಕಪಕ್ಕದವರ ಸಿಗ್ನಲ್ಲೂ ಕೆಡುತ್ತದೆ.

ಒಂದು ಗಂಟೆ ಮಾತಿಗೆ 80 ಎಂಬಿ ಸುಮಾರು. ದಿನಕ್ಕೆ 1.5 ಜಿಬಿ ಪ್ಯಾಕ್ ಸಾಕು, ಆದರೆ ಆ ಸಂಪರ್ಕವನ್ನು ವಿಂಡೋಸ್‌ನಲ್ಲಿ ಮೀಟರ್ಡ್ (ಡೇಟಾ ಮಿತಿ ಇರುವುದು) ಅಂತ ಗುರುತು ಮಾಡದಿದ್ದರೆ ಒಂದು ಅಪ್‌ಡೇಟೇ ಎಲ್ಲ ನುಂಗುತ್ತದೆ.

ಹಿನ್ನೀರಿನಾಚೆ

ಸಿಡಿಲಿನ ವಿಷಯ ಬಿಟ್ಟುಹೋಗಿತ್ತು. ಜುಲೈ ಮಳೆಯಲ್ಲಿ ಗುಡುಗು ಕಡಿಮೆ. ಅಪಾಯ ಏಪ್ರಿಲ್–ಮೇ ಸಂಜೆಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ. ಫೈಬರಿನ ಗಾಜಿನಲ್ಲಿ ಸಿಡಿಲು ಹರಿಯುವುದಿಲ್ಲ ನಿಜ, ಆದರೆ ಕಂಬದಿಂದ ಬರುವ ಕೇಬಲ್ಲಿನ ಜೊತೆ ಭಾರ ಹೊರಲು ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆ ಹೊರಗಿನ ಕೊಕ್ಕೆಗೆ ಕಟ್ಟಿ ಅಲ್ಲೇ ಕತ್ತರಿಸಬೇಕು, ಒಳಗೆ ಪೆಟ್ಟಿಗೆವರೆಗೆ ತರಬಾರದು. ಎಷ್ಟೋ ಮನೆಯಲ್ಲಿ ತಂದಿರುತ್ತಾರೆ, ಇವತ್ತೇ ನೋಡಿ. ಗುಡುಗು ಹತ್ತಿರ ಬಂದಾಗ ಚಾರ್ಜರ್ ಕಿತ್ತು, ಲ್ಯಾನ್ ಕೇಬಲ್ ಕಿತ್ತು, ಪೆಟ್ಟಿಗೆಯನ್ನು ಪುಟ್ಟ ಯುಪಿಎಸ್ ಮೇಲೆ, ಯುಪಿಎಸ್ಸಿನ ಪ್ಲಗ್ಗೂ ಕಿತ್ತು, ಆ ಅರ್ಧ ಗಂಟೆ ವೈಫೈಯಲ್ಲಿ ಕೆಲಸ ಮಾಡಿ. ಕೇಬಲ್ಲೇ ಬೇಕು ಅನ್ನುವ ಕಂಪನಿಗೆ ಈ ವಿನಾಯಿತಿಯನ್ನು ಮೊದಲೇ ಮೇಲ್‌ನಲ್ಲಿ ಬರೆದು ಒಪ್ಪಿಸಿಕೊಳ್ಳಿ, ತಲೆಯ ಮೇಲೆ ಹೆಡ್‌ಸೆಟ್ ಇರುವ ಮನುಷ್ಯರ ಸುರಕ್ಷತೆ ಇದು.

ಕರೆಂಟು ಹೋದಾಗ ಮೆಸ್ಕಾಂ 1912ಕ್ಕೆ ಕರೆ ಮಾಡಿ ದೂರಿನ ನಂಬರ್ ಪಡೆದುಕೊಳ್ಳಿ. ಟೀಮ್ ಲೀಡರಿಗೆ ತೋರಿಸಲು ಅದೇ ದಾಖಲೆ.

ಮುಚ್ಚಿಗೆಕೋಣೆ

ಗದ್ದಲದ ಬಗ್ಗೆ ಯಾರೂ ಹೇಳಿಲ್ಲ. ಹಂಚಿನ ಮೇಲೆ ಮಳೆ ಒಂದೇ ಸಮ ಸುರಿಯುವ ಸದ್ದನ್ನು ಸಾಫ್ಟ್‌ವೇರ್ ಚೆನ್ನಾಗಿ ತೆಗೆಯುತ್ತದೆ. ತೆಗೆಯಲಾಗದ್ದು ತಗಡಿನ ಸದ್ದು ಮತ್ತು ಪಕ್ಕದಲ್ಲಿ ಮನುಷ್ಯರ ಮಾತು. ಆದ್ದರಿಂದ ಕೋಣೆ ಆರಿಸುವುದೇ ಅರ್ಧ ಕೆಲಸ: ಹಲಗೆ ಮುಚ್ಚಿಗೆ ಇರುವ, ಮೇಲೆ ಅಟ್ಟ ಇರುವ, ಹಿಂದಿನ ತಗಡಿನ ಮಾಡಿಗೆ ಗೋಡೆ ತಾಗದ ಕೋಣೆ. ಮುಚ್ಚಿಗೆಯ ಮೇಲೆ ಅಟ್ಟದಲ್ಲಿ ಹಳೆ ಹಾಸಿಗೆ, ಗೋಣಿಚೀಲ ಒಂದು ಪದರ ಹರಡಿದರೆ ಸದ್ದು ಇನ್ನೂ ಇಳಿಯುತ್ತದೆ. ಸೂರಿನ ನೀರು ತಗಡಿನ ಮೇಲೋ ಕೊಡದ ಮೇಲೋ ಟಪಟಪ ಬೀಳುತ್ತಿದ್ದರೆ ಬೀಳುವ ಜಾಗಕ್ಕೆ ಮಡಿಸಿದ ಗೋಣಿಚೀಲ ಹಾಕಿ. ಆ ಟಪಟಪವೇ ರೆಕಾರ್ಡಿಂಗಲ್ಲಿ ಎಲ್ಲಕ್ಕಿಂತ ಎದ್ದು ಕೇಳುವುದು. ರೆಡ್ ಆಕ್ಸೈಡ್ ನೆಲ, ಬರಿ ಗೋಡೆ ಇದ್ದರೆ ದನಿ ಗುಂಯ್ ಅನ್ನುತ್ತದೆ. ಕೆಳಗೊಂದು ಜಮಖಾನ, ನಿಮ್ಮ ಮುಖದ ಎದುರು ಗೋಡೆಗೆ ಒಂದು ಕಂಬಳಿ.

ಹೆಡ್‌ಸೆಟ್: ವೈರಿನದು, ಯುಎಸ್‌ಬಿ, ಎರಡೂ ಕಿವಿ ಮುಚ್ಚುವುದು, ಕಡ್ಡಿ ಮೈಕ್ ಇರುವುದು. ಬ್ಲೂಟೂತ್ ಬೇಡ, ಮೈಕ್ ಆನ್ ಆದ ಕೂಡಲೇ ಅದರ ದನಿಯ ಗುಣಮಟ್ಟ ಇಳಿಯುತ್ತದೆ, ಚಾರ್ಜು ಮುಗಿಯುವ ಗೊಡವೆ ಬೇರೆ. ಮೈಕನ್ನು ಬಾಯಿಯ ನೇರಕ್ಕಲ್ಲ, ತುಟಿಯ ಕೊನೆಯಿಂದ ಎರಡು ಬೆರಳು ದೂರ, ಗಲ್ಲದ ಕಡೆಗೆ ಇಡಿ. ನೇರ ಎದುರಿಗೆ ಇದ್ದರೆ ಪ, ಫ, ಭ ಅಂದಾಗಲೆಲ್ಲ ಉಸಿರು ಬಡಿಯುತ್ತದೆ.

ಸದ್ದು ತೆಗೆಯುವ ಸಾಫ್ಟ್‌ವೇರ್ ಒಂದೇ ಇರಲಿ. ಹೆಡ್‌ಸೆಟ್ಟಿನದೊಂದು, ಲ್ಯಾಪ್‌ಟಾಪಿನದೊಂದು, ಡಯಲರಿನದೊಂದು (ಕಂಪನಿಯ ಕರೆ ನಡೆಸುವ ಸಾಫ್ಟ್‌ವೇರ್) ಮೂರೂ ಆನ್ ಇದ್ದರೆ ವಾಕ್ಯದ ಕೊನೆಯ ಅಕ್ಷರ ಕತ್ತರಿಸುತ್ತದೆ. ಕನ್ನಡದಲ್ಲಿ ಅದು ದೊಡ್ಡ ನಷ್ಟ, ಯಾಕಂದರೆ ನಮ್ಮ ಇಲ್ಲ-ಇದೆ ಎಲ್ಲ ವಾಕ್ಯದ ಕೊನೆಗೇ ಬರುವುದು. "ರೀಫಂಡ್ ಆಗಿಲ್ಲ" ಅಂದದ್ದು "ರೀಫಂಡ್ ಆಗಿ" ಅಂತ ಕೇಳಿದರೆ ಏನಾಗುತ್ತದೆ ಯೋಚಿಸಿ. ಜೋರು ಮಳೆಯಲ್ಲಿ ವಾಯ್ಸ್ ರೆಕಾರ್ಡರಿನಲ್ಲಿ ಎರಡು ನಿಮಿಷ ಮಾತಾಡಿ ಕೇಳಿ ನೋಡಿ. ಲ್ಯಾಪ್‌ಟಾಪ್ ಸ್ಪೀಕರಿನಲ್ಲಲ್ಲ, ಫೋನಿಗೆ ಕಳಿಸಿ ಕಿವಿಗೆ ಹಿಡಿದು ಕೇಳಬೇಕು, ಗ್ರಾಹಕರಿಗೆ ಕೇಳುವುದು ಹಾಗೆ.

ಮೈಕಿನ ಸ್ಪಂಜಿಗೆ ಆಗಸ್ಟಲ್ಲಿ ಬೂಷ್ಟು ಹಿಡಿಯುತ್ತದೆ, ನಾಲ್ಕು ಹೆಚ್ಚುವರಿ ಸ್ಪಂಜು ತಂದಿಡಿ. ಶಿಫ್ಟು ಮುಗಿದ ಮೇಲೆ ಹೆಡ್‌ಸೆಟ್ಟನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಿ. ಯುಎಸ್‌ಬಿ ತುದಿ ಮಂಕಾದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿಯಲ್ಲಿ ಒರೆಸಿ.

ಕರೆಗಂಟೆ

ಕೆಂಪುಹಂಚು ಅವರೇ, ಕೆಲಸಕ್ಕೆ ಸೇರುವ ಕಾಗದದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದು: ಕರೆಂಟು ಅಥವಾ ನೆಟ್ ಹೋದ ಹೊತ್ತನ್ನು ಹೇಗೆ ಎಣಿಸುತ್ತಾರೆ? ನಿಮ್ಮ ಶಿಫ್ಟು 540 ನಿಮಿಷ, 60 ನಿಮಿಷ ಬ್ರೇಕ್ ಕಳೆದರೆ ಲಾಗಿನ್ 480. ಅಧೆರೆನ್ಸ್ (ಹೇಳಿದ ಹೊತ್ತಿನಲ್ಲಿ ಲಾಗಿನ್ ಇದ್ದ ಪಾಲು) ಶೇ. 90 ಕೇಳಿದರೆ ದಿನಕ್ಕೆ 48 ನಿಮಿಷದ ಸಡಿಲಿಕೆ ಇದೆ. ಶೇ. 95 ಆದರೆ 24 ನಿಮಿಷ. ಒಂದು ಕೊಂಬೆ ಬಿದ್ದರೆ ಅದು ಮುಗಿಯಿತು. ಡೌನ್‌ಟೈಮ್‌ಗೆ ಬೇರೆ ಆಕ್ಸ್ ಕೋಡ್ (ಕರೆ ತೆಗೆದುಕೊಳ್ಳದ ಹೊತ್ತಿಗೆ ಕಾರಣ ತೋರಿಸುವ ಗುರುತು) ಇದೆಯೇ, ಸಂಬಳ ಕತ್ತರಿಸುತ್ತಾರೆಯೇ, ಭಾನುವಾರ ತುಂಬಿಕೊಡಬಹುದೇ ಎಂಬುದು ಮೇಲ್‌ನಲ್ಲೇ ಬರಲಿ.

ಇದನ್ನು ಓದುವ ಬೇರೆಯವರಿಗೂ: ಮನೆಯಿಂದ ಕಾಲ್ ಸೆಂಟರ್ ಕೆಲಸ ಕಾನೂನುಬದ್ಧವೇ. 2020ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಅದರ ನಿಯಮ ಸಡಿಲಿಸಿತು, 2021ರ ಜೂನ್‌ನಲ್ಲಿ ಇನ್ನಷ್ಟು. ಆದರೆ ಕರೆ ಕಂಪನಿಯ ವ್ಯವಸ್ಥೆಯ ಮೂಲಕವೇ ಹೋಗಬೇಕು. "ನಿಮ್ಮದೇ ಸಿಮ್‌ನಿಂದ ಗ್ರಾಹಕರಿಗೆ ಮಾಡಿ", "ನಿಮ್ಮ ಖಾತೆಗೆ ದುಡ್ಡು ಬರುತ್ತದೆ, ಮುಂದೆ ಕಳಿಸಿ", "ಲ್ಯಾಪ್‌ಟಾಪಿಗೆ ಮುಂಗಡ ಕಟ್ಟಿ" ಈ ಮೂರರಲ್ಲಿ ಒಂದು ಬಂದರೂ ಅಲ್ಲೇ ಬಿಡಿ. ಸ್ವಂತ ನಂಬರಿನಿಂದ ಪ್ರಚಾರದ ಕರೆ ಮಾಡಿದರೆ ನಂಬರೇ ಕಟ್ ಆಗುತ್ತದೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸಂಬಳದ ಚೀಟಿಯಲ್ಲಿ ಪಿಎಫ್ ಶೇ. 12, ಸಂಬಳ 21,000ದ ಒಳಗಿದ್ದರೆ ಇಎಸ್‌ಐ ಶೇ. 0.75 ಕಡಿತ ಇದೆಯೇ ನೋಡಿ. ಕಡಿತ ಇದ್ದು ಯುಎಎನ್ (ಪಿಎಫ್‌ನ ಖಾಯಂ ಗುರುತಿನ) ನಂಬರ್ ಕೊಡದಿದ್ದರೆ ಕೇಳಿ ಪಡೆಯಿರಿ.

ಇನ್ನು ಮಾತು. ಎಎಚ್‌ಟಿ (ಒಂದು ಕರೆಗೆ ಹಿಡಿಯುವ ಸರಾಸರಿ ಹೊತ್ತು) ಅಂದರೆ ಮಾತು, ಹೋಲ್ಡ್, ಕರೆ ಮುಗಿದ ಮೇಲಿನ ಬರಹ ಮೂರೂ ಸೇರಿ. 5 ನಿಮಿಷ 10 ಸೆಕೆಂಡ್ ಮಾತು, 40 ಸೆಕೆಂಡ್ ಹೋಲ್ಡ್, 50 ಸೆಕೆಂಡ್ ಬರಹ ಅಂದರೆ 6:40. ಹೊಸಬರು ಮಾತನ್ನು ಅವಸರ ಮಾಡಿ ಸಮಯ ಉಳಿಸಲು ಹೋಗುತ್ತಾರೆ, ಅದೇ ಗ್ರಾಹಕರು ಮತ್ತೆ ಕರೆ ಮಾಡುತ್ತಾರೆ. ಉಳಿಸಬೇಕಾದ್ದು ಕೊನೆಯ 50 ಸೆಕೆಂಡು: ಅವರು ಹೇಳುವಾಗಲೇ ಟೈಪ್ ಮಾಡುತ್ತಾ ಹೋದರೆ ಅದು 15ಕ್ಕೆ ಬರುತ್ತದೆ.

ಕನ್ನಡ ಪ್ರೋಸೆಸ್‌ನಲ್ಲಿ ತಪ್ಪು ಆಗುವುದು ದಿನ ಮತ್ತು ಅಂಕಿಯಲ್ಲಿ. "ಮೊನ್ನೆ ಕಟ್ಟಿದ್ದೆ" ಅಂದರೆ ಒಬ್ಬರಿಗೆ ಎರಡು ದಿನದ ಹಿಂದೆ, ಇನ್ನೊಬ್ಬರಿಗೆ ಕಳೆದ ವಾರ. "ಯಾವ ತಾರೀಕು ಸರ್, ಹನ್ನೆರಡಾ ಹದಿಮೂರಾ?" ಅಂತ ಕೇಳಿ. ಫೋನ್ ನಂಬರನ್ನು ಅವರು ಜೋಡಿ ಜೋಡಿಯಾಗಿ ಹೇಳಿದರೂ ನೀವು ಒಂದೊಂದೇ ಅಂಕಿಯಾಗಿ ಮರಳಿ ಓದಿ. "ಆಯ್ತು" ಅಂದರೆ ಒಪ್ಪಿದರು ಅಂತಲೂ ಹೌದು, ಮುಗಿಯಿತು ಅಂತಲೂ ಹೌದು. "ಅಪ್‌ಡೇಟ್ ಆಯ್ತಾ, ಅಥವಾ ಈಗ ಮಾಡ್ತೀರಾ?" ಅಂತ ಬಿಡಿಸಿ ಕೇಳಿ. ನಮ್ಮ "ಎಂತ", "ಅಲ್ದಾ" ಬಳ್ಳಾರಿ ಕಲಬುರಗಿಯವರಿಗೆ ತಟ್ಟನೆ ಹೊಳೆಯುವುದಿಲ್ಲ. "ಏನು ತೊಂದರೆ ಆಗ್ತಾ ಇದೆ, ಹೇಳಿ" ಅಂದರೆ ಬೀದರಿಂದ ಚಾಮರಾಜನಗರದವರೆಗೆ ತಿಳಿಯುತ್ತದೆ. ಅವರ ಮಾತನ್ನು ಅನುಕರಿಸಲು ಹೋಗಬೇಡಿ, ಅಣಕಿಸಿದ ಹಾಗೆ ಕೇಳಿಸುತ್ತದೆ.

ಕೊಟ್ಟ ಸ್ಕ್ರಿಪ್ಟು ಇಂಗ್ಲಿಷಿನಿಂದ ಬಂದದ್ದಾಗಿರುತ್ತದೆ. "ನಿಮ್ಮ ಕರೆಯನ್ನು ನಾನು ತಡೆಹಿಡಿಯಬಹುದೇ" ಅಂದರೆ ವಯಸ್ಸಾದವರು ಗಾಬರಿಯಾಗುತ್ತಾರೆ. "ಖಾತೆ ತೆಗೆದು ನೋಡ್ತೀನಮ್ಮ, ಎರಡು ನಿಮಿಷ ಲೈನಲ್ಲೇ ಇರಿ, ಕಟ್ ಮಾಡ್ಬೇಡಿ" ಅನ್ನಿ. ಅರ್ಥ ಅದೇ ಇರುವವರೆಗೆ ಕ್ವಾಲಿಟಿಯವರು ಸಾಮಾನ್ಯವಾಗಿ ಅಂಕ ಕತ್ತರಿಸುವುದಿಲ್ಲ, ಕಾನೂನಿನ ಸಾಲು ಮಾತ್ರ ಅಕ್ಷರ ಬದಲಿಸದೆ ಓದಬೇಕು. ಓಟಿಪಿ, ಪಿನ್ ಕೇಳುವ ಹಾಗೇ ಇಲ್ಲ. ಕಾರ್ಡ್ ನಂಬರ್ ಕಾಗದದಲ್ಲಿ ಬರೆಯುವ ಹಾಗಿಲ್ಲ, ಮೇಜಿನ ಮೇಲೆ ಪೆನ್ನು ಕಾಗದ ಮೊಬೈಲ್ ಇರಬಾರದು ಅನ್ನುವುದು ಅದಕ್ಕೇ.

ಕೆಂಪುಹಂಚು

ಲೈನಿನವರು ನಾಳೆ ಬರುತ್ತಾರೆ. ಕೊನೆಯ ಪ್ರಶ್ನೆ: ಮಾತಾಡುತ್ತಿರುವಾಗಲೇ ಫೈಬರ್ ಹೋಗಿ 4ಜಿಗೆ ಬದಲಾದರೆ ಆ ಕರೆ ಉಳಿಯುತ್ತದಾ?

ತುಂಗಾತೀರ

ಉಳಿಯುವುದಿಲ್ಲ. ಐಪಿ ವಿಳಾಸ ಬದಲಾಗುತ್ತದೆ, ವಿಪಿಎನ್ (ಕಂಪನಿಯ ಜಾಲಕ್ಕೆ ಸೇರಿಸುವ ಸುರಕ್ಷಿತ ಸಂಪರ್ಕ) ಕಡಿದು ಮತ್ತೆ ಕೂಡಿಕೊಳ್ಳಬೇಕು. ಅದಕ್ಕೆ ಅರ್ಧ ನಿಮಿಷದಿಂದ ಎರಡು ನಿಮಿಷ. 4ಜಿ ಕಾಪಾಡುವುದು ಮುಂದಿನ ಕರೆಯನ್ನು ಮಾತ್ರ.

ಕರೆಗಂಟೆ

ಹಾಗಾಗಿ ಕರೆ ಬಂದ ಮೊದಲ ಇಪ್ಪತ್ತು ಸೆಕೆಂಡಿನಲ್ಲೇ "ಲೈನ್ ಏನಾದರೂ ಕಟ್ ಆದರೆ ಇದೇ ನಂಬರಿಗೆ ಮಾಡಲಾ?" ಅಂತ ಕೇಳಿ ಸಿಆರ್‌ಎಂನಲ್ಲಿ ಗುರುತು ಹಾಕಿ ಸೇವ್ ಮಾಡಿಬಿಡಿ. ಆ ಹೊತ್ತಿಗೆ ಅವರ ದೂರು ಅರ್ಧ ಸಾಲಾದರೂ ಬರೆದಿಟ್ಟಿರಬೇಕು. ಕಡಿದರೆ: ಮೊದಲು ಡೌನ್‌ಟೈಮ್ ಕೋಡ್, ಆಮೇಲೆ ಫೋನಿನಿಂದ ಟೀಮ್ ಲೀಡರಿಗೆ ಒಂದು ಸಾಲು, ಕೆಂಪು ದೀಪದ ಫೋಟೋ ಸಮೇತ. ಫೋನು ಮೇಜಿನ ಮೇಲೆ ಇರಬಾರದು ಅಂದೆನಲ್ಲ, ಕೋಣೆಯ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಇಡಿ. ವಿಪಿಎನ್ ಬಂದ ಕೂಡಲೇ, ಹೊಸ ಕರೆಗೆ ಆನ್ ಆಗುವ ಮೊದಲು ಕರೆ ಕಡಿದ ಆ ಗ್ರಾಹಕರಿಗೆ ಕಂಪನಿಯ ಡಯಲರಿನಿಂದಲೇ ವಾಪಸ್ ಮಾಡಿ: "ನಮ್ಮ ಕಡೆಯಿಂದ ಲೈನ್ ಹೋಗಿತ್ತು, ನೀವು ಹೇಳಿದ್ದು ಬರೆದುಕೊಂಡಿದ್ದೀನಿ, ಅಲ್ಲಿಂದಲೇ ಮುಂದುವರಿಸೋಣ." ಇನ್‌ಬೌಂಡ್ ಪ್ರೋಸೆಸ್‌ನಲ್ಲಿ ಹೊರಗೆ ಕರೆ ಮಾಡುವ ಅನುಮತಿ ಲಾಗಿನ್‌ಗೆ ಬೇರೆಯಾಗಿ ಕೊಡಬೇಕಾಗುತ್ತದೆ. ನಿಮ್ಮದಕ್ಕೆ ಅದು ಇದೆಯೇ ಅಂತ ಟ್ರೈನಿಂಗ್‌ನ ಮೊದಲ ದಿನವೇ ಕೇಳಿ.